ಅಂತಿಗೊನೆಯ ಸೋದರಶೋಕ: ಒಂದು ವಿವಾದಿತ ಭಾಗದ ಮರುಪರಿಶೀಲನೆ

ಸಾಫೊಕ್ಲೀಸನ ‘ಅಂತಿಗೊನೆ’ (ಕ್ರಿ.ಪೂ. ಸು. 441) ರುದ್ರನಾಟಕವನ್ನು ಕುರಿತ ವಿಮರ್ಶೆ ಬಹುಮಟ್ಟಿಗೆ ಪ್ರಭುತ್ವ ಮತ್ತು ವ್ಯಕ್ತಿಯ ಅಂತಸ್ಸಾಕ್ಷಿಗಳ ಸಂಘರ್ಷವನ್ನೇ ಕೇಂದ್ರವಾಗಿರಿಸಿಕೊಂಡು ಬೆಳೆದಿದೆ. ಪಿ. ಲಂಕೇಶರ ಅನುವಾದದ ಮೂಲಕ ಕನ್ನಡಕ್ಕೆ ಪರಿಚಿತಳಾದ ಈ ನಾಯಕಿಯನ್ನು ಕನ್ನಡದ ಓದುಗರೂ ಪ್ರತಿಭಟನೆಯ ಪ್ರತೀಕವಾಗಿ ಕಾಣುವುದು ಸಹಜ. ಈ ಓದು ತಪ್ಪಲ್ಲ, ಆದರೆ ಅಪೂರ್ಣ. ಅಂತಿಗೊನೆ ಒಂದೇ ದಿನದಲ್ಲಿ ಇಬ್ಬರು ಸೋದರರನ್ನು ಕಳೆದುಕೊಂಡ ಎಳೆಯ ಹುಡುಗಿ ಎಂಬ ಸಂಗತಿ ಇಂಥ ಚರ್ಚೆಯಲ್ಲಿ ಹಿಂದೆ ಸರಿದುಬಿಡುತ್ತದೆ.

ನಾಟಕ ಆಕೆಯ ವಯಸ್ಸನ್ನು ಹೇಳುವುದಿಲ್ಲ. ಆದರೆ ಆಕೆ ಅವಿವಾಹಿತೆ. ಸೋದರಮಾವ ಕ್ರೆಯಾನನ ಮಗ ಹೀಮಾನನೊಡನೆ ಆಕೆಯ ಮದುವೆ ನಿಶ್ಚಯವಾಗಿದೆ. ಕಾವಲುಗಾರ ಮೊದಲಾದವರು ಆಕೆಯನ್ನು ಸೂಚಿಸಲು ಬಳಸುವ ಪದ ‘ಮಗು’, ‘ಹುಡುಗಿ’ ಎಂಬ ಅರ್ಥದ್ದು. ಅಥೆನ್ಸಿನಲ್ಲಿ ಹೆಣ್ಣುಮಕ್ಕಳ ವಿವಾಹ ಸಾಮಾನ್ಯವಾಗಿ ಹದಿಹರೆಯದಲ್ಲೇ ನಡೆಯುತ್ತಿತ್ತು. ಅಂದಿನ ಪ್ರೇಕ್ಷಕರ ಕಣ್ಣಿಗೆ ಆಕೆ ಮದುವೆಯ ಹೊಸ್ತಿಲಲ್ಲಿ ನಿಂತ ಹುಡುಗಿಯಾಗಿಯೇ ಕಂಡಿರಬೇಕು. ಥೀಬ್ಸಿನ ಏಳನೆಯ ಬಾಗಿಲಲ್ಲಿ ಎಟಿಯೊಕ್ಲೀಸ್ ಮತ್ತು ಪಾಲಿನೈಸಿಸ್ ಪರಸ್ಪರರನ್ನು ಕೊಂದಿದ್ದಾರೆ. ಮೊದಲನೆಯವನಿಗೆ ಗೌರವದ ಅಂತ್ಯಸಂಸ್ಕಾರ ದೊರೆಯುತ್ತದೆ. ಎರಡನೆಯವನ ದೇಹ ನಾಯಿ, ಹದ್ದುಗಳ ಪಾಲು. ಕ್ರೆಯಾನನ ಆಜ್ಞೆ ಹೂಳುವುದನ್ನಷ್ಟೇ ಅಲ್ಲ, ಅವನಿಗಾಗಿ ಅಳುವುದನ್ನೂ ನಿಷೇಧಿಸುತ್ತದೆ. ನಾಟಕದ ಮೂಲ ಬಿಕ್ಕಟ್ಟು ಶೋಕದ ಈ ನಿಷೇಧದಲ್ಲಿದೆ.

ಈ ಹಿನ್ನೆಲೆಯಲ್ಲಿ 904ರಿಂದ 920ರವರೆಗಿನ ಸಾಲುಗಳನ್ನು ಗಮನಿಸಬೇಕು. ಜೀವಂತ ಸಮಾಧಿಗೆ ಹೋಗುವ ಮುನ್ನ ಅಂತಿಗೊನೆ ತನ್ನ ಕೃತ್ಯಕ್ಕೆ ಹೊಸದೊಂದು ಕಾರಣವನ್ನು ಕೊಡುತ್ತಾಳೆ. ಗಂಡನಿಗಾಗಿಯಾಗಲಿ ಮಕ್ಕಳಿಗಾಗಿಯಾಗಲಿ ತಾನು ನಗರವನ್ನು ಎದುರುಹಾಕಿಕೊಳ್ಳುತ್ತಿರಲಿಲ್ಲ. ಗಂಡ ಸತ್ತರೆ ಇನ್ನೊಬ್ಬ ಗಂಡ ದೊರೆತಾನು, ಮಗು ಹೋದರೆ ಇನ್ನೊಂದು ಮಗು ಹುಟ್ಟೀತು. ತಂದೆತಾಯಿ ಇಲ್ಲವಾದ ಮೇಲೆ ಸೋದರ ಮತ್ತೆ ಹುಟ್ಟಲಾರ ಎಂಬುದು ಆ ವಾದದ ಸಾರ. ಇದೇ ಹುಡುಗಿ ಹಿಂದೆ ಕ್ರೆಯಾನನ ಎದುರು ಎಲ್ಲ ಸತ್ತವರಿಗೂ ಅನ್ವಯಿಸುವ ದೇವತೆಗಳ ಅಲಿಖಿತ ಕಟ್ಟಳೆಯನ್ನು ಎತ್ತಿ ಹಿಡಿದಿದ್ದಳು. ಎರಡು ನಿಲುವುಗಳ ನಡುವಣ ವಿರೋಧ ಸ್ಪಷ್ಟವಾಗಿದೆ. 1827ರಲ್ಲಿ ಗಯಟೆ ಎಕರ್‌ಮನ್ನನೊಡನೆ ಮಾತನಾಡುತ್ತ, ಈ ಭಾಗ ಪ್ರಕ್ಷಿಪ್ತವೆಂದು ಯಾರಾದರೂ ಸಿದ್ಧಪಡಿಸಿದರೆ ಒಳ್ಳೆಯದು ಎಂಬ ಆಶಯವನ್ನು ವ್ಯಕ್ತಪಡಿಸಿದ. ಆದರೆ ಅರಿಸ್ಟಾಟಲ್ ತನ್ನ ‘ಭಾಷಣಕಲೆ’ಯಲ್ಲಿ ಈ ವಾದವನ್ನು ಉದಾಹರಿಸಿರುವುದರಿಂದ ಕ್ರಿ.ಪೂ. ನಾಲ್ಕನೆಯ ಶತಮಾನಕ್ಕಾಗಲೇ ಇದು ನಾಟಕದ ಭಾಗವಾಗಿತ್ತೆಂಬುದು ಖಚಿತ.

ವಾದದ ಮೂಲವನ್ನು ಹುಡುಕಿದವರು ಹೆರೊಡೊಟಸ್ಸನ ಮೂರನೆಯ ಸಂಪುಟದತ್ತ ಬೊಟ್ಟು ಮಾಡಿದ್ದಾರೆ. ಅಲ್ಲಿ ದೊರೆ ಡೇರಿಯಸ್ಸನ ಸೆರೆಯಲ್ಲಿದ್ದ ತನ್ನವರ ಪೈಕಿ ಒಬ್ಬನನ್ನು ಬಿಡಿಸಿಕೊಳ್ಳುವ ಅವಕಾಶ ದೊರೆತಾಗ ಇಂಟಾಫರ್ನೀಸನ ಹೆಂಡತಿ ಸೋದರನನ್ನು ಆರಿಸಿಕೊಳ್ಳುತ್ತಾಳೆ. ಭಾರತೀಯ ಪರಂಪರೆಯಲ್ಲೂ ಇದಕ್ಕೆ ಸಮಾನವಾದ ನಿದರ್ಶನಗಳಿವೆ. ಪಾಲಿಯ ಉಚ್ಛಂಗ ಜಾತಕದಲ್ಲಿ ಕೋಸಲದ ಹೆಂಗಸು ಗಂಡ, ಮಗ, ಸೋದರ ಈ ಮೂವರಲ್ಲಿ ಸೋದರನನ್ನೇ ಬೇಡುತ್ತಾಳೆ. ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಬಿದ್ದ ಲಕ್ಷ್ಮಣನನ್ನು ಕಂಡು ರಾಮ ವಿಲಪಿಸುವಾಗಲೂ ಹೆಂಡತಿ ಎಲ್ಲಾದರೂ ದೊರೆತಾಳು, ಒಡಹುಟ್ಟಿದವನು ದೊರೆಯಲಾರ ಎಂಬ ಇದೇ ಭಾವ ಬರುತ್ತದೆ.

ಈ ಹೋಲಿಕೆಗಳಿಗಿಂತ ವ್ಯತ್ಯಾಸ ಮುಖ್ಯವಾದುದು. ಪರ್ಷಿಯಾದ ಹೆಂಗಸಿನ ಸೋದರನೂ ಕೋಸಲದವಳ ಸೋದರನೂ ಬದುಕಿದ್ದಾರೆ. ಅವರ ವಾದ ಒಂದು ಜೀವವನ್ನು ಉಳಿಸುತ್ತದೆ. ಮೆಚ್ಚಿದ ಅರಸರು ಕೇಳಿದ್ದಕ್ಕಿಂತ ಹೆಚ್ಚನ್ನು ಕೊಡುತ್ತಾರೆ. ಲಕ್ಷ್ಮಣನೂ ಓಷಧಿಯ ಬಲದಿಂದ ಎದ್ದೇಳುತ್ತಾನೆ. ಪಾಲಿನೈಸಿಸ್ ಮಾತ್ರ ಸತ್ತಿದ್ದಾನೆ. ಅಂತಿಗೊನೆಯ ವಾದದಿಂದ ಉಳಿಯಬೇಕಾದ ಜೀವವಾಗಲಿ ಅದನ್ನು ಕೇಳಿ ಮೆಚ್ಚುವ ದೊರೆಯಾಗಲಿ ಇಲ್ಲ. ತರ್ಕದ ದೃಷ್ಟಿಯಿಂದ ಇದು ಸಂದರ್ಭಕ್ಕೆ ಹೊಂದುವುದಿಲ್ಲವೆಂಬ ಆಕ್ಷೇಪ ಸರಿಯೇ. ಆದರೆ ಹೊಂದದಿರುವುದೇ ಇಲ್ಲಿನ ಅರ್ಥ. ಕ್ರೆಯಾನನಿಗೆ ಉತ್ತರ ಕೊಡಬೇಕಾಗಿದ್ದಾಗ ಆಕೆ ಧರ್ಮದ ಸಾಮಾನ್ಯ ಭಾಷೆಯಲ್ಲಿ ಮಾತನಾಡಿದಳು. ಸಾವಿನ ದಾರಿಯಲ್ಲಿ, ಸತ್ತ ಸೋದರನನ್ನೇ ಸಂಬೋಧಿಸುತ್ತಿರುವಾಗ, ಆ ಭಾಷೆಯ ಅಗತ್ಯ ಉಳಿದಿಲ್ಲ. ಉಳಿದಿರುವುದು ಈ ಒಬ್ಬ ಮತ್ತೆ ಬಾರನೆಂಬ ಅರಿವು. ಗಂಡನನ್ನೂ ಮಗುವನ್ನೂ ಕಾಣದ ಹುಡುಗಿ ಅವರ ಬದಲಿಗೆ ಬೇರೆಯವರು ದೊರೆತಾರು ಎಂದು ಲೆಕ್ಕ ಹಾಕುವುದರಲ್ಲಿ ಎಳೆತನವಿದೆ. ಅನುಭವಿಸಿದ ಒಂದೇ ನಷ್ಟವನ್ನು ಅನುಭವಿಸದ ನಷ್ಟಗಳೊಡನೆ ತೂಗುವ ಅಸಹಾಯಕತೆಯಿದೆ. 1807ರ ಕೃತಿಯಲ್ಲಿ ಹೆಗೆಲ್ ಸೋದರಿಗೆ ಸೋದರನ ನಷ್ಟ ತುಂಬಲಾಗದ್ದೆಂದು ಒಪ್ಪಿದನಾದರೂ, ಅದನ್ನು ಆಕೆಯ ಪರಮಕರ್ತವ್ಯದ ಆಧಾರವಾಗಿ ಮಾರ್ಪಡಿಸಿದ. ಶೋಕ ಅಲ್ಲಿ ಸಿದ್ಧಾಂತವಾಯಿತು.

ನಾಟಕದ ಇನ್ನೊಂದು ವಿವರ ಈ ಓದನ್ನು ಬೆಂಬಲಿಸುತ್ತದೆ. ತಾನು ಮುಚ್ಚಿದ್ದ ಮಣ್ಣನ್ನು ಕಾವಲುಗಾರರು ಗುಡಿಸಿ ಹಾಕಿದ್ದನ್ನು ಕಂಡ ಅಂತಿಗೊನೆಯ ಕೂಗು, ಬರಿದಾದ ಗೂಡನ್ನು ಕಂಡ ತಾಯಿಹಕ್ಕಿಯದಂತೆ ಇತ್ತೆಂದು ಕಾವಲುಗಾರ ವರದಿ ಮಾಡುತ್ತಾನೆ. ಅಪರಾಧವನ್ನು ಸಾಬೀತುಪಡಿಸಲು ಬಂದವನ ಬಾಯಲ್ಲೇ ಈ ಸಾಕ್ಷ್ಯ ಬರುವುದು ಗಮನಾರ್ಹ. ಅವನು ಕಂಡದ್ದು ಪ್ರತಿಭಟನೆಗಿಂತ ಮೊದಲು ರೋದನವನ್ನು.

ಆದರೆ ಈ ಶೋಕವನ್ನು ಆದರ್ಶೀಕರಿಸುವುದಕ್ಕೂ ನಾಟಕ ಅವಕಾಶ ಕೊಡುವುದಿಲ್ಲ. ಅದಕ್ಕೆ ಕಾರಣ ಇಸ್ಮೀನೆ. ಆಕೆ ಕಳೆದುಕೊಂಡದ್ದೂ ಅದೇ ಇಬ್ಬರು ಸೋದರರನ್ನು, ಅದೇ ದಿನ. ಆರಂಭದಲ್ಲಿ ಅಂಜಿ ಹಿಂದೆ ಸರಿದವಳು ಅನಂತರ ಶಿಕ್ಷೆಯಲ್ಲಿ ಪಾಲು ಕೇಳಿದಾಗ ಅಂತಿಗೊನೆ ನಿಷ್ಠುರವಾಗಿ ನಿರಾಕರಿಸುತ್ತಾಳೆ. ಮುಂದೆ ರಾಜಮನೆತನದಲ್ಲಿ ಉಳಿದವಳು ತಾನೊಬ್ಬಳೇ ಎಂದು ಹೇಳಿಕೊಳ್ಳುವಾಗ ತಂಗಿ ಆಕೆಯ ಲೆಕ್ಕದಲ್ಲೇ ಇಲ್ಲ. ಸತ್ತ ಸೋದರನ ಸ್ಥಾನವನ್ನು ಯಾರೂ ತುಂಬಲಾರರೆಂದು ವಾದಿಸುವ ಹುಡುಗಿಗೆ ಬದುಕಿರುವ ಒಡಹುಟ್ಟು ಕಾಣುವುದಿಲ್ಲ. ಕ್ರೆಯಾನ್ ಇಸ್ಮೀನೆಯನ್ನು ಬಿಟ್ಟುಬಿಡಲು ಒಪ್ಪಿದ ಮೇಲೆ ನಾಟಕವೂ ಆಕೆಯ ಪ್ರಸ್ತಾಪ ಮಾಡುವುದಿಲ್ಲ. ಅಕ್ಕನನ್ನೂ ಕಳೆದುಕೊಂಡ ಆಕೆಯ ದುಃಖಕ್ಕೆ ರಂಗದ ಮೇಲೆ ಒಂದು ಮಾತೂ ಮೀಸಲಾಗಿಲ್ಲ.

ಬಿ.ಎಂ.ಶ್ರೀ. ಅವರ ‘ಅಶ್ವತ್ಥಾಮನ್’ಗೆ ಆಧಾರವಾದ ಸಾಫೊಕ್ಲೀಸನ ‘ಏಜಾಕ್ಸ್’ ನಾಟಕದಲ್ಲಿಯೂ ಸೋದರನ ಅಂತ್ಯಸಂಸ್ಕಾರಕ್ಕೆ ಅಡ್ಡಿ ಬರುತ್ತದೆ. ಅಲ್ಲಿ ಟ್ಯೂಸರ್ ಯೋಧ. ವಾದಿಸುತ್ತಾನೆ, ಒಡಿಸ್ಯೂಸನ ನೆರವು ದೊರೆಯುತ್ತದೆ, ಸಂಸ್ಕಾರ ನಡೆಯುತ್ತದೆ. ಥೀಬ್ಸಿನ ಹುಡುಗಿಯರ ಪರವಾಗಿ ಹೀಮಾನನೂ ತೈರೇಸಿಯಸ್ಸನೂ ಮಾತನಾಡುವ ವೇಳೆಗೆ ಕಾಲ ಮೀರಿರುತ್ತದೆ. ದೊಡ್ಡವರು ಅಳಲು ಬಿಡದ ದುಃಖ ಒಬ್ಬಳಲ್ಲಿ ಹಟವಾಯಿತು, ಇನ್ನೊಬ್ಬಳಲ್ಲಿ ಮೌನವಾಯಿತು. ವಿವಾದಿತ ಸಾಲುಗಳನ್ನು ತೆಗೆದುಹಾಕಿದರೆ ಅಂತಿಗೊನೆಯ ನಿಲುವು ಸುಸಂಗತವಾದೀತು. ಆದರೆ ಆ ನಿಲುವಿನ ಹಿಂದಿರುವ ಹುಡುಗಿ ಮರೆಯಾಗುತ್ತಾಳೆ.