ಋತು ಕಾಯುವ ಹಳದಿ

ಹಳದಿ ಹೂವಿನ ಗಿಡ ಬೇಕು ಎಂದರೆ ಸಾಕು, ನರ್ಸರಿಯವರು ಅಲಮಂಡಾ, ಟೆಕೋಮಾ, ವೆಡೇಲಿಯಾ ಮೂರನ್ನೂ ಎದುರಿಗಿಟ್ಟು ಒಂದೇ ಮಾತು ಹೇಳುತ್ತಾರೆ: ‘ವರ್ಷಪೂರ್ತಿ ಹೂ ಬಿಡುತ್ತೆ ಸಾರ್.’ ನನ್ನ ತಕರಾರೆಲ್ಲ ಆ ವರ್ಷಪೂರ್ತಿಯ ಮೇಲೆಯೇ. ನಂದಿಬಟ್ಟಲು ದಿನಾ ಅರಳಲಿ, ಕಣ್ಣಿಗೆ ಬೇಸರವಿಲ್ಲ. ಹಳದಿ ಹಾಗಲ್ಲ. ಅದು ಗಟ್ಟಿ ದನಿಯ ನೆಂಟ. ಹಬ್ಬಕ್ಕೆ ಬಂದರೆ ಮನೆ ತುಂಬುತ್ತದೆ, ಬಂದು ಉಳಿದೇಬಿಟ್ಟರೆ ಕಷ್ಟ. ಹಾಗಾಗಿ ಕೆಲವು ತಿಂಗಳು ಭರ್ತಿ ಅರಳಿ, ಉಳಿದ ಕಾಲ ಹಸಿರಾಗಿ ಸುಮ್ಮನಿರುವ ಬಹುವಾರ್ಷಿಕ ಗಿಡಗಳಿಗೇ ನನ್ನ ಓಟು.

ಮೊದಲು ಸೇವಂತಿಗೆ. ಮಾರುಕಟ್ಟೆಯಲ್ಲಿ ಚೆಂಡುಹೂವಿನ ಪಕ್ಕದ ಬುಟ್ಟಿಯಲ್ಲೇ ಕೂರುವುದರಿಂದಲೋ ಏನೋ, ಇದನ್ನೂ ಒಂದೇ ಫಸಲಿನ ಗಿಡವೆಂದುಕೊಂಡು ಹೂ ಮುಗಿದೊಡನೆ ಕಿತ್ತೆಸೆಯುವವರು ಬಹಳ. ಬಾಡಿದ ಮೇಲೆ ಕಾಂಡವನ್ನು ಗೇಣಿಗಿಂತ ಗಿಡ್ಡಕ್ಕೆ ಕತ್ತರಿಸಿ ನೋಡಿ, ಬುಡದಿಂದ ಮರಿಗಳು ಏಳುತ್ತವೆ. ಅವನ್ನು ಬೇರುಸಹಿತ ಬಿಡಿಸಿ ನೆಟ್ಟು, ಮಳೆಗಾಲದಲ್ಲಿ ಎರಡು ಮೂರು ಸಲ ಕುಡಿ ಚಿವುಟಿದರೆ ಗಿಡ ಕವಲೊಡೆದು ಗುಂಡಗಾಗುತ್ತದೆ. ಮೊಗ್ಗು ಕಟ್ಟುವುದು ಮಾತ್ರ ರಾತ್ರಿ ಉದ್ದವಾಗತೊಡಗಿದ ಮೇಲೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡಿರಬಹುದು. ಸೇವಂತಿಗೆಗೆ ಇನ್ನೂ ಕತ್ತಲಾಗಿಲ್ಲವೆಂದು ನಂಬಿಸಿ, ಹೂವನ್ನು ಒಳ್ಳೆಯ ಬೆಲೆಯ ದಿನಗಳಿಗೆ ಮುಂದೂಡುವ ಉಪಾಯವದು. ನಗರದ ಮನೆಗಳಲ್ಲಿ ಇದೇ ಆಟ ಬೇಡವಾಗಿ ನಡೆಯುತ್ತದೆ. ಗೇಟಿನ ದೀಪದಡಿಯೋ ಬೀದಿದೀಪದ ಎದುರೋ ಕುಂಡವಿಟ್ಟು, ಗೊಬ್ಬರದ ಮೇಲೆ ಗೊಬ್ಬರ ಸುರಿದು, ಮೊಗ್ಗಿಲ್ಲವೆಂದು ಗಿಡವನ್ನು ಬೈಯುತ್ತೇವೆ. ಕುಂಡವನ್ನು ಹಿತ್ತಲಿನ ಕತ್ತಲೆಗೆ ಸರಿಸಿದರಾಯಿತು.

ಬೇಲಿಗೆ ಹಳದಿ ಗೋರಟೆ. ಎಲೆಯ ಸಂದಿಯಲ್ಲಿ ಚೂಪು ಮುಳ್ಳು, ಹೂವಿಗೆ ಕಿತ್ತಳೆಯ ನೆರಳು ತಾಗಿದ ಮೆತ್ತನೆಯ ಹಳದಿ. ಚಳಿಗಾಲದ ಗಿಡ, ನಮ್ಮದೇ ನೆಲದ್ದು, ಕಡ್ಡಿ ಊರಿದರೂ ಚಿಗುರುತ್ತದೆ. ಬಿಳಿ ಸುಣ್ಣದ ಗೋಡೆಯ ಮುಂದೆ ಮಂಕಾಗುತ್ತದೆ. ಕೆಂಪು ಕಲ್ಲಿನ ಮುಂದೆ ನೋಡಬೇಕು.

ಆದರೂ ಒಂದೇ ಗಿಡಕ್ಕೆ ಜಾಗವಿದೆ ಎಂದರೆ ನಾನು ಹೇಳುವುದು ತಂಗಡಿ, ಕೆಲವರ ಬಾಯಲ್ಲಿ ಆವರಿಕೆ. ಬಯಲುಸೀಮೆಯ ರಸ್ತೆ ಬದಿಯಲ್ಲಿ ಯಾರೂ ನೀರೆರೆಯದೆ ಬೆಳೆಯುವ ಇದನ್ನು ತೋಟಕ್ಕೆ ತರುವುದೆಂದರೆ ನಮ್ಮವರಿಗೆ ಸಂಕೋಚ. ಪಕ್ಕದ ತೆಲಂಗಾಣ ಇದನ್ನೇ ರಾಜ್ಯದ ಹೂವಾಗಿಸಿಕೊಂಡಿದೆ. ಅಲ್ಲಿ ಬತುಕಮ್ಮ ಹಬ್ಬದ ಹೂಗೋಪುರಕ್ಕೆ ಇದು ಬೇಕೇ ಬೇಕು. ಬೇರೆ ಕಾಲದಲ್ಲೂ ಅಲ್ಲೊಂದು ಇಲ್ಲೊಂದು ಹೂ ಕಂಡೀತು, ಭರಾಟೆಯೆಲ್ಲ ಮಳೆ ಹಿಂದೆಗೆಯುವ ಹೊತ್ತಿಗೆ. ಹೂವಿನಲ್ಲಿ ಮಕರಂದವಿಲ್ಲ. ಪರಾಗವೂ ಕೇಸರದ ತುದಿಯ ಸಣ್ಣ ತೂತಿನೊಳಗೆ ಬಂದಿ. ದಪ್ಪ ಕಪ್ಪು ದುಂಬಿ ಬಂದು, ಹೂವನ್ನು ತಬ್ಬಿ, ರೆಕ್ಕೆಯ ಸ್ನಾಯು ಕಂಪಿಸಿ ಅದನ್ನು ಉದುರಿಸಿಕೊಳ್ಳಬೇಕು. ಹತ್ತಿರ ನಿಂತರೆ ಆ ಗುಂಯ್‌ಗುಡುವಿಕೆ ಕೇಳುತ್ತದೆ. ಎಲೆ ತಿನ್ನುವ ಹಸಿರು ಹುಳು ಕಂಡರೆ ಔಷಧಿ ಹೊಡೆಯಬೇಡಿ. ಹಳದಿ ಚಿಟ್ಟೆಗಳು ಮೊಟ್ಟೆಯಿಡುವುದು ಇಲ್ಲಿಯೇ.

ವೆಡೇಲಿಯಾ ಮಾತ್ರ ಬೇಡ. ರಸ್ತೆ ವಿಭಜಕಗಳಲ್ಲಿ ಹಾಸಿಕೊಂಡಿರುವ ಈ ಅಮೆರಿಕದ ಬಳ್ಳಿ ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಮಕ್ಕಳಿರುವ ಮನೆಗೆ ಹಳದಿ ಕಣಗಿಲೆಯೂ ಬೇಡ, ಅದರ ಬೀಜ ಹೃದಯಕ್ಕೇ ವಿಷ.

ನರ್ಸರಿಯಲ್ಲಿ ತಂಗಡಿ ಸಿಗುವುದು ಅಪರೂಪ. ಬೇಸಿಗೆಯಲ್ಲಿ ಒಣಗಿದ ಚಪ್ಪಟೆ ಕಾಯಿ ಬಿಡಿಸಿ ತನ್ನಿ. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಯಲಿ. ತಾಯಿಬೇರು ಆಳಕ್ಕಿಳಿಯುವುದರಿಂದ ಕಿತ್ತು ನೆಡುವ ಉಸಾಬರಿ ಬೇಡ. ನೀರು ನಿಲ್ಲದ, ಬಿಸಿಲು ಬೀಳುವ ಜಾಗದಲ್ಲಿ ಮುಂಗಾರಿಗೆ ನೇರವಾಗಿ ಊರಿಬಿಡಿ.