‘ಸೆಟ್’ ಶಬ್ದದ ಅನೇಕಾರ್ಥತ್ವ: ಒಂದು ವಿಮರ್ಶೆ

ಆಂಗ್ಲಭಾಷೆಯಲ್ಲಿ ‘ಸೆಟ್’ ಎಂಬುದು ಬಾಲಕರೂ ಬಲ್ಲ ಅತಿಸಾಮಾನ್ಯವಾದ ಶಬ್ದವು. ಆದರೆ 1989ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಆಂಗ್ಲ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಇದರ ಕ್ರಿಯಾರೂಪವೊಂದಕ್ಕೇ 430ಕ್ಕೂ ಹೆಚ್ಚು ಅರ್ಥಗಳನ್ನು ಹೇಳಿರುವರು. ಸುಮಾರು 60,000 ಪದಗಳಷ್ಟು ವಿಸ್ತಾರವಾದ ಆ ವಿವರಣೆಯೇ ಆ ಆವೃತ್ತಿಯಲ್ಲಿ ಎಲ್ಲಕ್ಕೂ ದೀರ್ಘವಾದುದು. 2011ರ ಪರಿಷ್ಕರಣದಲ್ಲಿ ‘ರನ್’ ಎಂಬ ಕ್ರಿಯಾಪದವು 645 ಅರ್ಥಗಳನ್ನು ಪಡೆದು ಇದನ್ನೂ ಮೀರಿಸಿತು. ಇಂತಹ ಸಂಖ್ಯೆಗಳನ್ನು ಕೇಳಿದವರು ಆ ಭಾಷೆಯ ಸಂಪತ್ತನ್ನು ಕೊಂಡಾಡುವುದುಂಟು. ಕಲಿಯುವವರು ಎದೆಗುಂದುವುದೂ ಉಂಟು. ಒಂದು ಶಬ್ದಕ್ಕೆ ನಿಜವಾಗಿಯೂ ಇಷ್ಟು ಅರ್ಥಗಳಿವೆಯೇ, ಅಥವಾ ಇದು ಎಣಿಕೆಯ ಕ್ರಮದಿಂದ ಹುಟ್ಟಿದ ತೋರಿಕೆಯೇ ಎಂಬುದು ವಿಚಾರಾರ್ಹವು.

ಮೊದಲು ಆ ನಿಘಂಟಿನ ಗುಣವನ್ನು ಒಪ್ಪಬೇಕು. 1755ರಲ್ಲಿ ತನ್ನ ನಿಘಂಟನ್ನು ಹೊರಡಿಸಿದ ಸ್ಯಾಮ್ಯುಯೆಲ್ ಜಾನ್ಸನ್ನನು ‘ಸೆಟ್’ ಮೊದಲಾದ ಕ್ರಿಯಾಪದಗಳ ಅರ್ಥವು ಹಿಡಿತಕ್ಕೆ ಸಿಕ್ಕದೆ ಹರಡಿಕೊಂಡಿರುವುದೆಂದು ಪೀಠಿಕೆಯಲ್ಲಿಯೇ ತೊಡಕನ್ನು ತೋಡಿಕೊಂಡಿರುವನು. 1884ರಿಂದ 1928ರವರೆಗೆ ಸಂಚಿಕೆಗಳಾಗಿ ಹೊರಬಂದು ಮುಗಿದ ಆಕ್ಸ್‌ಫರ್ಡ್ ನಿಘಂಟು ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಅರ್ಥಗಳ ವಂಶಾವಳಿಯನ್ನೇ ತೋರಿಸಿತು. ‘ಸೆಟ್’ ಇರುವ ಭಾಗವನ್ನು ಸಂಪಾದಿಸಿದ ಹೆನ್ರಿ ಬ್ರಾಡ್ಲಿಯವರ ಪರಿಶ್ರಮವು ಅಸಾಧಾರಣವಾದುದು. ದೋಷವಿರುವುದು ಸಂಗ್ರಹದಲ್ಲಲ್ಲ, ಸಂಗ್ರಹದ ಅಂಕಿಗಳನ್ನು ಅರ್ಥಸಂಖ್ಯೆಯೆಂದು ಭಾವಿಸುವುದರಲ್ಲಿ.

ಈ ಶಬ್ದದ ಮೂಲವನ್ನು ನೋಡಿದರೆ, ಒಂದೇ ಎಂದು ತೋರುವುದು ವಸ್ತುತಃ ಎರಡು. ಕ್ರಿಯಾಪದವು ಪ್ರಾಚೀನಾಂಗ್ಲದ ‘ಸೆಟ್ಟಾನ್’. ಕುಳಿತುಕೊಳ್ಳುವುದೆಂಬ ಅರ್ಥದ ‘ಸಿಟ್ಟಾನ್’ ಎಂಬುದರ ಪ್ರೇರಣಾರ್ಥಕ ರೂಪವಿದು. ಸಂಸ್ಕೃತದ ‘ಸದ್’ ಧಾತುವೂ ಅದರ ಣಿಜಂತವಾದ ‘ಸಾದಯತಿ’ಯೂ ಇವುಗಳ ಸಗೋತ್ರಗಳು. ಆದುದರಿಂದ ‘ಕೂರಿಸು’ ಎಂಬುದೇ ಇದರ ಮುಖ್ಯಾರ್ಥವು. ಚಹದ ಬಟ್ಟಲುಗಳ ‘ಸೆಟ್’ ಎಂಬಲ್ಲಿ ಸಮೂಹವನ್ನು ಹೇಳುವ ನಾಮಪದವಾದರೋ, ಲ್ಯಾಟಿನ್ನಿನ ‘ಸೆಕ್ಟಾ’ ಎಂಬುದರಿಂದ ಪ್ರಾಚೀನ ಫ್ರೆಂಚಿನ ಮೂಲಕ ಬಂದುದು. ಅದರ ಮೂಲಾರ್ಥವು ಅನುಯಾಯಿವರ್ಗ. ಉಚ್ಚಾರಣೆಯು ಒಂದಾದ ಕಾರಣ ಜನರು ಅದನ್ನು ‘ಒಟ್ಟಿಗೆ ಇರಿಸಲ್ಪಟ್ಟುದು’ ಎಂದು ಗ್ರಹಿಸಿದರು. ಕ್ರಿಯಾಪದದ ಛಾಯೆ ಅದರ ಮೇಲೆ ಬಿದ್ದಿತು. ಕನ್ನಡದ ಗಣಿತಗ್ರಂಥಗಳಲ್ಲಿ ‘ಗಣ’ವೆಂದು ಅನುವಾದಿತವಾಗಿರುವುದೂ, ಉಪಾಹಾರಗೃಹಗಳ ‘ಸೆಟ್ ದೋಸೆ’ಯಲ್ಲಿ ನಮ್ಮ ನಾಡಿನ ನಾಲಗೆಗೆ ಬಂದಿರುವುದೂ ಈ ಎರಡನೆಯ ಶಬ್ದವೇ.

ಇನ್ನು ಕ್ರಿಯಾಪದವನ್ನು ಪರೀಕ್ಷಿಸಬಹುದು. ಆಂಗ್ಲರು ಉಂಗುರದಲ್ಲಿ ಹರಳನ್ನೂ, ಮುರಿದ ಮೂಳೆಯನ್ನೂ, ಕಾವಿಗೆ ಕೋಳಿಯನ್ನೂ ‘ಸೆಟ್’ ಮಾಡುವರು. ಕನ್ನಡಿಗರೂ ಇವುಗಳನ್ನು ಕೂರಿಸುವರು. ಇಲ್ಲಿ ಅರ್ಥಭೇದವೇ ಇಲ್ಲ. ಬಲೆಯ ವಿಷಯದಲ್ಲಿ ಕನ್ನಡವು ‘ಒಡ್ಡು’ ಎನ್ನುವುದು, ಬೆಂಕಿಯ ವಿಷಯದಲ್ಲಿ ‘ಹಚ್ಚು’, ಬೆಲೆಯ ವಿಷಯದಲ್ಲಿ ‘ಗೊತ್ತುಮಾಡು’, ಸಸಿಯ ವಿಷಯದಲ್ಲಿ ‘ನೆಡು’. ಈ ಭೇದವು ಬಲೆ, ಬೆಂಕಿ ಮೊದಲಾದ ಸಹಚರಪದಗಳಿಂದ ಬಂದುದೇ ಹೊರತು ‘ಸೆಟ್’ ಶಬ್ದದಿಂದ ಬಂದುದಲ್ಲ. ಭರ್ತೃಹರಿಯು ವಾಕ್ಯಪದೀಯದಲ್ಲಿ ಸಂಯೋಗ, ಸಾಹಚರ್ಯ, ಪ್ರಕರಣ, ಶಬ್ದಾಂತರಸನ್ನಿಧಿ ಮುಂತಾದುವನ್ನು ಅರ್ಥನಿರ್ಣಯದ ಹೇತುಗಳೆಂದು ಗಣಿಸಿರುವನು. ನಿಘಂಟುಕಾರನು ಈ ಹೇತುಗಳು ಮಾಡುವ ಕೆಲಸವನ್ನೆಲ್ಲ ಶಬ್ದದ ತಲೆಗೇ ಕಟ್ಟಿದರೆ, ವಾಕ್ಯಗಳೆಷ್ಟೋ ಅರ್ಥಗಳೂ ಅಷ್ಟಾಗುವುವು. ಇದೇ ರೀತಿಯಲ್ಲಿ ಆಂಗ್ಲನೊಬ್ಬನು ಕನ್ನಡದ ‘ಹಿಡಿ’ಯನ್ನು ಎಣಿಸಹೊರಟರೆ, ತುಕ್ಕು ಹಿಡಿಯುವುದು, ಮಳೆ ಹಿಡಿಯುವುದು, ದಾರಿ ಹಿಡಿಯುವುದು, ದೆವ್ವ ಹಿಡಿಯುವುದು, ಕೊಳಗದಲ್ಲಿ ನಾಲ್ಕು ಸೇರು ಹಿಡಿಯುವುದು ಎಂದು ಅವನ ಪಟ್ಟಿಯೂ ಬೆಳೆಯುತ್ತಲೇ ಹೋಗುವುದು.

ಅಲ್ಲದೆ, ಪ್ರಯಾಣ ಹೊರಡುವುದು, ಸ್ಥಾಪಿಸುವುದು, ಬದಿಗಿರಿಸುವುದು ಎಂಬ ಅರ್ಥಗಳು ‘ಔಟ್’, ‘ಅಪ್’, ‘ಅಸೈಡ್’ ಎಂಬ ಅವ್ಯಯಗಳ ಯೋಗದಿಂದ ಬಂದುವು. ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂಬಲ್ಲಿ ಉಪಸರ್ಗಗಳು ಅರ್ಥವನ್ನು ಎಲ್ಲಿಂದೆಲ್ಲಿಗೋ ಒಯ್ದರೂ ಧಾತುಪಾಠವು ‘ಹೃ’ ಧಾತುವಿಗೆ ಹರಣವೆಂಬ ಒಂದೇ ಅರ್ಥವನ್ನು ಹೇಳಿ ಸುಮ್ಮನಾಗುವುದು.

ಇಲ್ಲಿ ಒಂದು ಆಕ್ಷೇಪವುಂಟು. ಧಾತುಗಳು ಅನೇಕಾರ್ಥಕಗಳೆಂದು ವೈಯಾಕರಣರೇ ಒಪ್ಪಿರುವರಲ್ಲವೇ? ‘ಸದ್’ ಧಾತುವಿಗೆ ಧಾತುಪಾಠದಲ್ಲಿರುವ ವಿಶರಣ, ಗತಿ, ಅವಸಾದನ ಎಂಬ ಮೂರರಲ್ಲಿ ಕುಳಿತುಕೊಳ್ಳುವುದೇ ಇಲ್ಲವಲ್ಲ? ಸಮಾಧಾನವೇನೆಂದರೆ, ಧಾತುಪಾಠದ ಅರ್ಥನಿರ್ದೇಶವು ಉಪಲಕ್ಷಣಮಾತ್ರವು. ಉಳಿದುದನ್ನು ಪ್ರಯೋಗದಿಂದ ತಿಳಿಯಬೇಕು. ಪ್ರಯೋಗದಿಂದ ತಿಳಿಯಬೇಕೆಂದ ಮಾತ್ರಕ್ಕೆ ಪ್ರತಿಯೊಂದು ಪ್ರಯೋಗವೂ ಬೇರೆ ಶಕ್ತಿಯೆಂದಾಗದು. ಒಂದು ಶಕ್ತಿಯಿಂದ ನಿರ್ವಾಹವಾಗುವಲ್ಲಿ ಅನೇಕ ಶಕ್ತಿಗಳ ಕಲ್ಪನೆಯು ಅನ್ಯಾಯವೆಂದೇ ಮೀಮಾಂಸಕರ ಮತವು.

ಹಾಗೆಂದು ಎಲ್ಲವನ್ನೂ ‘ಕೂರಿಸು’ ಎಂಬುದಕ್ಕೇ ಎಳೆದು ತರುವುದೂ ಸಲ್ಲದು. ‘ಕುಶಲ’ ಶಬ್ದವು ಮೂಲದಲ್ಲಿ ದರ್ಭೆಯನ್ನು ತರುವವನನ್ನು ಹೇಳುವುದಾದುದರಿಂದ, ‘ನಿಪುಣ’ನೆಂಬ ಅರ್ಥದಲ್ಲಿ ಲಕ್ಷಣೆಯಿದೆಯೆಂದು ಮಮ್ಮಟನ ಪಕ್ಷವು. ವ್ಯುತ್ಪತ್ತಿಯ ನಿಮಿತ್ತವೇ ಬೇರೆ, ಪ್ರವೃತ್ತಿಯ ನಿಮಿತ್ತವೇ ಬೇರೆ. ಆದುದರಿಂದ ನೈಪುಣ್ಯವೇ ಮುಖ್ಯಾರ್ಥವೆಂದು ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಅದನ್ನು ಖಂಡಿಸಿರುವನು. ಪ್ರಕೃತದಲ್ಲಿ ವಿಶ್ವನಾಥನ ವಾದವೇ ಉಪಯುಕ್ತವು. ಸೂರ್ಯನು ‘ಸೆಟ್’ ಆದನೆನ್ನುವ ಆಂಗ್ಲನ ಮನಸ್ಸಿನಲ್ಲಿ ಆಸನದ ನೆನಪು ಏಳುವುದಿಲ್ಲ. ಗಾರೆಯು ‘ಸೆಟ್’ ಆಗಿ ಗಟ್ಟಿಯಾಯಿತೆನ್ನುವಾಗಲೂ ಹಾಗೆಯೇ. ಸಂಬಂಧವು ಮರೆತುಹೋದ ಇಂತಹ ಕೆಲವು ಅರ್ಥಗಳನ್ನು ಸ್ವತಂತ್ರವೆಂದೇ ಎಣಿಸಬೇಕು. ಹೀಗೆ ಶೋಧಿಸಿದರೆ ಅರ್ಥಗಳು ಒಂದಕ್ಕೂ ಇಳಿಯವು, 430ರ ಬಳಿಗೂ ಹೋಗವು.

ಈ ವಿಚಾರವು ಶುಷ್ಕತರ್ಕವಲ್ಲ. ಆಂಗ್ಲ-ಕನ್ನಡ ನಿಘಂಟುಗಳಲ್ಲಿ ‘ಇಡು, ಹೂಡು, ನೆಡು, ಒಡ್ಡು, ಹಚ್ಚು, ಮುಳುಗು’ ಎಂದು ಸಾಲಾಗಿ ಪದಗಳನ್ನು ಕೊಟ್ಟು ಬಿಟ್ಟರೆ, ವಿದ್ಯಾರ್ಥಿಯು ಬಲೆಯನ್ನು ನೆಟ್ಟು, ಬೆಂಕಿಯನ್ನು ಒಡ್ಡುವನು. ಅನುವಾದಕನಿಗೂ ಆ ಸಾಲು ದಾರಿ ತೋರಿಸದು. ಅದಕ್ಕೆ ಬದಲಾಗಿ ಮೊದಲು ಭಿನ್ನಮೂಲದ ಶಬ್ದಗಳನ್ನು ಬೇರ್ಪಡಿಸಿ, ಮುಖ್ಯಾರ್ಥವನ್ನು ಹೇಳಿ, ರೂಢವಾಗಿ ಸ್ವತಂತ್ರವಾದ ಅರ್ಥಗಳನ್ನು ಗುರುತಿಸಿ, ಮಿಕ್ಕುವನ್ನು ಸಹಚರಪದಗಳೊಡನೆಯೇ ಪಟ್ಟಿಮಾಡುವುದು ಯುಕ್ತವು. ಬೋಧಕರೂ ಅರ್ಥಗಳ ಸಂಖ್ಯೆಯನ್ನು ಹೇಳುವುದಕ್ಕಿಂತ, ಪಾಠದಲ್ಲಿ ‘ಸೆಟ್’ ಬಂದೆಡೆಯಲ್ಲೆಲ್ಲ ‘ಯಾವುದನ್ನು?’ ಎಂದು ಕೇಳುವುದನ್ನು ಅಭ್ಯಾಸಮಾಡಿಸಿದರೆ, ಕನ್ನಡದ ಕ್ರಿಯಾಪದವು ವಿದ್ಯಾರ್ಥಿಗೆ ತಾನಾಗಿಯೇ ದೊರೆಯುವುದು.