'ಎಂಟನೆಯ ಹೆನ್ರಿ' ನಾಟಕದಲ್ಲಿ ಮತಸುಧಾರಣೆಯ ಚಿತ್ರ

1623ರ ಫೋಲಿಯೋ ಸಂಪುಟದಲ್ಲಿ ಷೇಕ್ಸ್‌ಪಿಯರನ ಚಾರಿತ್ರಿಕ ನಾಟಕಗಳ ಸಾಲಿನ ಕೊನೆಗೆ ಅಚ್ಚಾಗಿರುವುದು 'ಎಂಟನೆಯ ಹೆನ್ರಿ'. 1613ನೆಯ ಜೂನ್ 29ರಂದು ಗ್ಲೋಬ್ ನಾಟಕಶಾಲೆಯಲ್ಲಿ ಇದರ ಪ್ರಯೋಗ ನಡೆಯುತ್ತಿದ್ದಾಗ ಫಿರಂಗಿಯ ಕಿಡಿ ಹುಲ್ಲಿನ ಚಾವಣಿಗೆ ತಾಗಿ ಆ ಶಾಲೆಯೇ ಸುಟ್ಟುಹೋಯಿತು. ಈ ಸಂಗತಿಯನ್ನು ಪತ್ರದಲ್ಲಿ ವರ್ಣಿಸಿದ ಸರ್ ಹೆನ್ರಿ ವಾಟನ್ ನಾಟಕವನ್ನು 'ಎಲ್ಲವೂ ನಿಜ' ಎಂಬರ್ಥದ ಹೆಸರಿನಿಂದ ಕರೆದಿದ್ದಾನೆ. ಇದರಲ್ಲಿ ಫ್ಲೆಚರನ ಕೈವಾಡವೂ ಉಂಟೆಂದು 1850ರಲ್ಲಿ ಸ್ಪೆಡಿಂಗ್ ಎತ್ತಿದ ವಾದವನ್ನು ವಿದ್ವಾಂಸರಲ್ಲಿ ಬಹುಮಂದಿ ಒಪ್ಪಿರುವರು. ಕರ್ತೃತ್ವದ ಚರ್ಚೆ ಹೀಗೆ ಬೆಳೆದಿದ್ದರೂ ಆ ಹೆಸರು ಎಬ್ಬಿಸುವ ಪ್ರಶ್ನೆ ಹಾಗೆಯೇ ಉಳಿದಿದೆ: ನಿಜವೆಂದು ಹೇಳಿಕೊಳ್ಳುವ ಈ ಕೃತಿಯಲ್ಲಿ ಆ ಅರಸನ ಮತಸುಧಾರಣೆಯ ನಿಜವೆಷ್ಟು?

ಚರಿತ್ರೆಯ ಹೆನ್ರಿ 1509ರಲ್ಲಿ ಪಟ್ಟವೇರಿ, ಅದೇ ವರ್ಷ ಅಣ್ಣನ ವಿಧವೆಯಾದ ಕ್ಯಾಥರಿನ್ನಳನ್ನು ವರಿಸಿದನು. 1521ರಲ್ಲಿ ಲೂಥರನನ್ನು ಖಂಡಿಸಿ ಗ್ರಂಥ ಬರೆದು ಪೋಪನಿಂದ 'ಧರ್ಮರಕ್ಷಕ'ನೆಂಬ ಬಿರುದನ್ನು ಪಡೆದವನೂ ಇವನೇ. ವಿವಾಹರದ್ದಿಗೆ ಪೋಪನು ಒಪ್ಪದಿರಲು, 1534ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ ಇಂಗ್ಲೆಂಡಿನ ಚರ್ಚಿಗೆ ತಾನೇ ಶಿರಸ್ಸೆನಿಸಿದವನೂ ಇವನೇ. ಆ ಅಧಿಕಾರವನ್ನೊಪ್ಪದ ಥಾಮಸ್ ಮೋರ್ ಮತ್ತು ಬಿಷಪ್ ಫಿಷರ್ 1535ರಲ್ಲಿ ತಲೆಗೊಟ್ಟರು. 1536ರಿಂದ 1540ರೊಳಗೆ ಸುಮಾರು 800 ಮಠಗಳು ಮುಚ್ಚಿಹೋದುವು. ಆದರೂ 1539ರ 'ಆರು ವಿಧಿಗಳು' ಹಳೆಯ ಮತದ ಮುಖ್ಯ ತತ್ತ್ವಗಳನ್ನೇ ಎತ್ತಿಹಿಡಿದುವು. ಅದೇ ವರ್ಷ ಇಂಗ್ಲಿಷ್ ಬೈಬಲಿನ ಮಹಾಪ್ರತಿ ಅಚ್ಚಾಯಿತು. ನಾಲ್ಕೇ ವರ್ಷಗಳಲ್ಲಿ, 1543ರ ಶಾಸನವು ಕೂಲಿಕಾರರೂ ಬೇಸಾಯಗಾರರೂ ಸಾಮಾನ್ಯ ಸ್ತ್ರೀಯರೂ ಅದನ್ನು ಓದಲಾಗದೆಂದು ವಿಧಿಸಿತು. ಕೊಟ್ಟ ಕೈಯೇ ಕಿತ್ತುಕೊಂಡಿತು. 1540ನೆಯ ಜುಲೈ 30ರಂದು ಸ್ಮಿತ್‌ಫೀಲ್ಡಿನಲ್ಲಿ ಹೊಸ ಮತದ ಮೂವರನ್ನು ಸುಟ್ಟರು, ಪೋಪನ ಪಕ್ಷದ ಮೂವರನ್ನು ಗಲ್ಲಿಗೇರಿಸಿದರು. ಇಂತಹ ಸುಧಾರಣೆಯನ್ನು ಒಂದೇ ಮಾತಿನಲ್ಲಿ ಹೊಗಳುವುದೂ ಅಸಾಧ್ಯ, ತೆಗಳುವುದೂ ಅಸಾಧ್ಯ.

ನಾಟಕದಲ್ಲಿ ಇವುಗಳಲ್ಲಿ ಬಹುಭಾಗ ಕಾಣಬರುವುದಿಲ್ಲ. ಮಠಗಳ ಮಾತಿಲ್ಲ, ಮೋರನು ಚಾನ್ಸೆಲರಾದ ಸುದ್ದಿಯುಂಟು, ಅವನ ಮರಣದ ಸುದ್ದಿಯಿಲ್ಲ. 'ಲೂಥರನ ಮತದವಳು' ಎಂಬುದು ಆನ್ ಬೊಲಿನಳನ್ನು ಹಳಿಯುವ ವುಲ್ಸಿಯ ಬಾಯಲ್ಲಿ ಬರುವ ಬೈಗುಳ ಮಾತ್ರ. ಆ ಮತದ ತತ್ತ್ವವೇನೆಂಬುದನ್ನು ಯಾವ ಪಾತ್ರವೂ ವಿವರಿಸುವುದಿಲ್ಲ. ಕಥೆಯು 1533ರಲ್ಲಿ ಎಲಿಜಬೆತ್ತಳ ದೀಕ್ಷಾಸ್ನಾನದೊಡನೆ ಮುಗಿಯುವುದರಿಂದ ಮುಂದಿನ ಸಂಗತಿಗಳಿಗೆ ಎಡೆಯಿಲ್ಲವೆಂದು ಕೆಲವರು ಸಮಾಧಾನ ಹೇಳಬಹುದು. ಈ ಸಮಾಧಾನ ನಿಲ್ಲತಕ್ಕದ್ದಲ್ಲ. ಏಕೆಂದರೆ 1540ರ ದಶಕದಲ್ಲಿ ಕ್ರಾನ್ಮರನ ಮೇಲೆ ನಡೆದ ಒಳಸಂಚನ್ನು ನಾಟಕವು ಫಾಕ್ಸನ ಗ್ರಂಥದಿಂದೆತ್ತಿ ದೀಕ್ಷಾಸ್ನಾನದ ಹಿಂದಕ್ಕೆ ತಂದಿಟ್ಟಿದೆ. ಹತ್ತು ವರ್ಷ ಈಚಿನದನ್ನು ಆಚೆಗೊಯ್ಯಬಲ್ಲವನಿಗೆ ಮೂರು ವರ್ಷ ಈಚಿನ ಮಠಭಂಗವನ್ನು ತರುವುದು ಕಷ್ಟವಾಗಿರಲಿಲ್ಲ. ಆದಕಾರಣ ಈ ಮೌನವು ಬೇಕೆಂದೇ ಆರಿಸಿಕೊಂಡದ್ದು.

ಕಾಲವನ್ನು ಹೀಗೆ ಹಿಂದುಮುಂದು ಮಾಡಿರುವುದರಲ್ಲಿ ಎರಡು ಬಗೆಗಳುಂಟು. ಒಂದು ಅರಸನನ್ನು ಕಾಪಾಡುವ ಬಗೆ. ಕ್ಯಾಥರಿನ್ ತೀರಿಕೊಂಡದ್ದು 1536ರ ಜನವರಿಯಲ್ಲಿ. ನಾಟಕದಲ್ಲಿ ಅವಳು ಎಲಿಜಬೆತ್ತಳ ಜನನಕ್ಕೆ ಮೊದಲೇ ಕಣ್ಮುಚ್ಚುವಳು. ಇದರಿಂದ ಹೊಸ ರಾಣಿಯ ತೊಟ್ಟಿಲ ಮೇಲೆ ಹಳೆಯ ರಾಣಿಯ ನೆರಳು ಬೀಳದಂತಾಯಿತು. ಹಾಗೆಯೇ ಹಾಲಿನ್‌ಷೆಡ್ಡನ ಇತಿಹಾಸದಲ್ಲಿ ಸ್ವಂತ ಆಸ್ತಿಯ ಪಟ್ಟಿಯನ್ನು ಕೈತಪ್ಪಿ ಕೊಟ್ಟು ಕೆಟ್ಟವನು ಡರ್ಹಮ್ಮಿನ ಬಿಷಪ್ ರುಥಾಲ್. ನಾಟಕವು ಆ ಪ್ರಮಾದವನ್ನು ವುಲ್ಸಿಗೆ ಆರೋಪಿಸಿ, ಅವನ ಪತನಕ್ಕೆ ಅರಸನ ಬಯಕೆಗಿಂತ ಅವನ ದುರಾಸೆಯೇ ಕಾರಣವೆಂಬಂತೆ ಮಾಡಿದೆ.

ಇನ್ನೊಂದು ಅರಸನನ್ನು ತೂಗಿನೋಡುವ ಬಗೆ. ಅಣ್ಣನ ಹೆಂಡತಿಯನ್ನು ವರಿಸಿದುದು ಪಾಪವೆಂದು ತನ್ನ ಅಂತಃಸಾಕ್ಷಿ ಚುಚ್ಚುತ್ತಿದೆಯೆಂದು ಹೆನ್ರಿ ಎರಡನೆಯ ಅಂಕದ ನ್ಯಾಯಸಭೆಯಲ್ಲಿ ದೀರ್ಘವಾಗಿ ಹೇಳಿಕೊಳ್ಳುವನು. ಆದರೆ ಅವನು ವುಲ್ಸಿಯ ಮನೆಯ ಔತಣದಲ್ಲಿ ಆನಳನ್ನು ಕಂಡು ಮರುಳಾದುದನ್ನು ಪ್ರೇಕ್ಷಕರು ಮೊದಲನೆಯ ಅಂಕದಲ್ಲಿಯೇ ನೋಡಿರುವರು. ಆ ಸಾಕ್ಷಿಯು ಬೇರೊಬ್ಬ ಹೆಣ್ಣಿನ ಬಳಿ ಸರಿದಿದೆಯೆಂದು ಸಫೊಕ್ ಪ್ರಭುವು ಕುಹಕವಾಡುವುದೂ ನ್ಯಾಯಸಭೆಗೆ ಮುಂಚೆಯೇ. ಅರಸನ ಮಾತನ್ನು ನಾಟಕವು ಬಾಯ್ಬಿಟ್ಟು ಅಲ್ಲಗಳೆಯುವುದಿಲ್ಲ. ದೃಶ್ಯಗಳ ಕ್ರಮವೇ ತೀರ್ಪು ಹೇಳುವುದು. ಮೇಲಾಗಿ, ಪ್ರಜೆಗಳ ಮೇಲೆ ಹೇರಿದ ತೆರಿಗೆಯನ್ನು ಇಳಿಸಬೇಕೆಂದು ಮೊರೆಯಿಡುವವಳು ಕ್ಯಾಥರಿನ್ನಳೇ. ಪ್ರಜೆಗಳ ದನಿಯಾದವಳನ್ನು ಹೊರದೂಡಿಯೇ ಸುಧಾರಣೆಯ ಬಾಗಿಲು ತೆರೆಯಿತೆಂಬುದನ್ನು ಸಹೃದಯನು ಮರೆಯಲಾರನು.

ಕಡೆಯಲ್ಲಿ ಕ್ರಾನ್ಮರನು ಎಲಿಜಬೆತ್ತಳ ಭಾವೀ ವೈಭವವನ್ನು ನುಡಿಯುವನು. ಈ ಭವಿಷ್ಯವಾಣಿ ಸ್ತುತಿಮಾತ್ರವೆಂದು ವಿಮರ್ಶಕರು ತಳ್ಳಿಹಾಕುವುದುಂಟು. ಆದರೆ ಅಂಕವೊಂದರ ಹಿಂದೆಯೇ, ಸಾಯುತ್ತಿರುವ ಕ್ಯಾಥರಿನ್ ತನ್ನ ಮಗಳು ಮೇರಿಯನ್ನು ಅರಸನ ಕೈಗೊಪ್ಪಿಸಿ ಪತ್ರ ಕಳುಹಿರುವಳು. ಆ ಮೇರಿಯ ಆಳಿಕೆಯಲ್ಲಿಯೇ, 1556ರಲ್ಲಿ, ಕ್ರಾನ್ಮರನು ಆಕ್ಸ್‌ಫರ್ಡಿನಲ್ಲಿ ಜೀವಂತ ಸುಡಲ್ಪಟ್ಟನು. ಫಾಕ್ಸನ ಗ್ರಂಥದಿಂದ ಇದನ್ನು ಅರಿತಿದ್ದ ಅಂದಿನ ಪ್ರೇಕ್ಷಕನಿಗೆ ಆ ಮಂಗಳವಾಕ್ಯ ಕೇವಲ ಮಂಗಳವಾಗಿ ಕೇಳಿಸಿರಲಾರದು.

ಹೀಗಿರಲು ಈ ನಾಟಕವನ್ನು ಇಂಗ್ಲೆಂಡಿನ ಮತಸುಧಾರಣೆಯ ಚರಿತ್ರೆಯೆಂದು ಪಾಠ ಹೇಳುವುದು ತಪ್ಪು. ಆಸ್ಥಾನದ ಮುಖಸ್ತುತಿಯೆಂದು ಬಿಡುವುದೂ ತಪ್ಪು. ವರ್ಷಗಳ ಪಟ್ಟಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಅಂಕಗಳನ್ನು ಓದಿಸುವ ಉಪಾಧ್ಯಾಯನು, ಪಟ್ಟಿಯು ತಪ್ಪೆಣಿಸುವುದಕ್ಕಲ್ಲ, ಕವಿಯ ಕೈ ಎಲ್ಲೆಲ್ಲಿ ಆಡಿದೆಯೆಂದು ಕಾಣುವುದಕ್ಕೆ ಎಂಬುದನ್ನು ಶಿಷ್ಯರಿಗೆ ತಿಳಿಯಹೇಳಬೇಕು.